ಗುಂಟೂರಿನ ಖಾರ, ಮೈಸೂರಿನ ನಾಲಗೆ

ಮನೆಯಲ್ಲಿ ಅಕ್ಕಿಬೇಳೆಯಿದ್ದು, ಒಲೆ ಹೊತ್ತಿಸುವ ಕೈಯೂ ಇದ್ದು, ಹಣ ತೆತ್ತು ಹೊರಗೆ ಉಣ್ಣುವುದೆಂದರೆ ನನ್ನ ವಯಸ್ಸಿನವರಿಗೆ ಇಂದಿಗೂ ಒಂದು ಬಗೆಯ ಸಂಕೋಚ. ಪ್ರಯಾಣದಲ್ಲಾದರೆ ಅದು ಅನಿವಾರ್ಯ. ಮದುವೆ ಮುಂಜಿಗಳಲ್ಲಾದರೆ ಕರ್ತವ್ಯ. ಇವೆರಡೂ ಅಲ್ಲದೆ, ಬರಿಯ ಸಂತೋಷಕ್ಕಾಗಿ ಭೋಜನಶಾಲೆಗೆ ಹೋಗಿ ಕೂಡುವುದನ್ನು ನಮ್ಮ ಮಕ್ಕಳು ಈಗ ನಮಗೆ ಕಲಿಸುತ್ತಿದ್ದಾರೆ. ಕಲಿಯುವುದು ಅಷ್ಟೇನೂ ಕಷ್ಟವಲ್ಲವೆಂದು ನಾನೂ ಒಪ್ಪಿಕೊಳ್ಳಬೇಕು.

ನಮ್ಮ ಮಗನ ಮದುವೆಯಾಗಿ ಒಂದು ವರ್ಷ ತುಂಬಿದ ದಿನ ಭಾನುವಾರವಾಗಿತ್ತು. ಬೆಳಗಿನ ಕಾಫಿಯ ಹೊತ್ತಿಗೆ ಅವನು, “ಅಮ್ಮಾ, ಈ ಹೊತ್ತು ನಿನ್ನ ಒಲೆಗೆ ರಜ. ಎಲ್ಲರೂ ಆಂಧ್ರದ ಊಟಕ್ಕೆ ಹೋಗೋಣ” ಎಂದ.

“ಬೆಂಕಿ ತಿನ್ನುವುದಕ್ಕೆ ದುಡ್ಡು ಬೇರೆ ಕೊಡಬೇಕೇನೋ?” ಎಂದಳು ನನ್ನ ಮಡದಿ.

ಮಾತು ಹೊರಬಿದ್ದ ಮೇಲೆ ಅವಳಿಗೆ ಅದರ ಅರಿವಾಯಿತು. ಸೊಸೆ ಅಲ್ಲಿಯೇ ನಿಂತು ಕಾಫಿಯ ಲೋಟಗಳನ್ನು ತೊಳೆಯುತ್ತಿದ್ದಳು. ಅವಳ ತವರು ಗುಂಟೂರು.

ಇಲ್ಲಿ ಸ್ವಲ್ಪ ಪೂರ್ವಪೀಠಿಕೆ ಬೇಕಾಗುತ್ತದೆ. ನಮ್ಮದು ಹಳೆಯ ಮೈಸೂರಿನ ಕಡೆಯ ಸಸ್ಯಾಹಾರದ ಮನೆ. ಸಾರಿಗೆ ಬೆಲ್ಲ, ಗೊಜ್ಜಿಗೆ ಬೆಲ್ಲ, ಹುಳಿಗೂ ಒಂದು ಚೂರು ಬೆಲ್ಲ. ಪಲ್ಯದ ಮೇಲೆ ಧಾರಾಳವಾಗಿ ಕಾಯಿತುರಿ. ಮಗನೂ ಸೊಸೆಯೂ ಬೆಂಗಳೂರಿನ ಒಂದೇ ಕಚೇರಿಯಲ್ಲಿ ಕೆಲಸ ಮಾಡುವವರು. ತಾವೇ ಒಪ್ಪಿ, ನಮ್ಮನ್ನೂ ಒಪ್ಪಿಸಿ ಮದುವೆಯಾದವರು. ಹುಡುಗಿ ಆರು ತಿಂಗಳಲ್ಲಿ ಕನ್ನಡ ಕಲಿತಳು. ಹಬ್ಬಹರಿದಿನಗಳಲ್ಲಿ ರಂಗೋಲಿಯಿಂದ ಹಿಡಿದು ಆರತಿಯವರೆಗೆ ಎಲ್ಲವನ್ನೂ ನೋಡಿ ನೋಡಿ ಕಲಿತಳು. ಊಟಕ್ಕೆ ಕುಳಿತರೆ ಮಾತ್ರ, ಒಮ್ಮೆ ಬಡಿಸಿದ್ದನ್ನು ಉಂಡು, ಎರಡನೆಯ ಸಲ ಬಡಿಸಹೋದರೆ ಕೈ ಅಡ್ಡ ಹಿಡಿಯುತ್ತಿದ್ದಳು. “ನಮ್ಮ ಸೊಸೆ ಬಹಳ ಮಿತಾಹಾರಿ” ಎಂದು ನನ್ನ ಮಡದಿ ನೆರೆಹೊರೆಯವರಲ್ಲಿ ಹೇಳಿಕೊಳ್ಳುತ್ತಿದ್ದಳು. ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಹೊರಟವರು ಐದು ಜನ: ನಾವಿಬ್ಬರು, ಮಗ, ಸೊಸೆ ಮತ್ತು ರಜಕ್ಕೆಂದು ಬಂದಿದ್ದ ನಮ್ಮ ಮಗಳ ಮಗ. ಅವನಿಗೆ ಒಂಬತ್ತು ವರ್ಷ. ಯಾವುದಕ್ಕೂ ಹೆದರದ ವಯಸ್ಸು.

ಅಳುತ್ತ ನಗುವ ಜನ

ಬೆಂಗಳೂರಿಗೆ ತೆಲುಗು ಹೊಸದಲ್ಲ. ಪೇಟೆಯ ಅಂಗಡಿ ಬೀದಿಗಳಲ್ಲಿ ಕನ್ನಡದ ಮಗ್ಗುಲಲ್ಲಿಯೇ ಆ ನುಡಿ ತಲೆತಲಾಂತರದಿಂದ ಕೇಳಿಬರುತ್ತಿದೆ. ಆದರೆ ‘ಆಂಧ್ರ ಶೈಲಿ’ ಎಂಬ ಫಲಕವನ್ನು ತೂಗುಹಾಕಿ, ಬಾಳೆಯೆಲೆ ಹಾಸಿ, ಸಾಲಾಗಿ ಜನರನ್ನು ಕೂರಿಸಿ ಬಡಿಸುವ ಭೋಜನಶಾಲೆಗಳು ನಗರದಲ್ಲಿ ಮನೆಮಾತಾದದ್ದು ಹೆಚ್ಚಾಗಿ 1980ರ ದಶಕದಿಂದೀಚೆಗೆ. ಈಗಂತೂ ಬಡಾವಣೆಗೊಂದು, ಕೆಲವೆಡೆ ಬೀದಿಗೊಂದು. ನಾವು ಹೋದದ್ದು ರೆಸಿಡೆನ್ಸಿ ರಸ್ತೆಯ ಆಸುಪಾಸಿನಲ್ಲಿರುವ ಒಂದಕ್ಕೆ.

ಬಾಗಿಲಲ್ಲಿ ಹೆಸರು ಬರೆಸಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಆ ಸಮಯ ವ್ಯರ್ಥವಾಗಲಿಲ್ಲ. ಒಳಗೆ ಹೋಗುವವರ ಮುಖ ಒಂದು ಬಗೆ, ಹೊರಗೆ ಬರುವವರ ಮುಖ ಇನ್ನೊಂದು ಬಗೆ. ಬರುವವರ ಮೂಗು ಕೆಂಪಾಗಿದೆ, ಕಣ್ಣಲ್ಲಿ ನೀರು ನಿಂತಿದೆ, ಕೈಯಲ್ಲಿ ಕರವಸ್ತ್ರ. ಯಾರನ್ನೋ ಕಳುಹಿಸಿಕೊಟ್ಟು ಬಂದವರಂತೆ ಕಾಣುತ್ತಾರೆ. ಆದರೆ ತುಟಿಯಲ್ಲಿ ನಗು! ಬಾಗಿಲ ಬಳಿಯ ತಟ್ಟೆಯಿಂದ ಸೋಂಪನ್ನೋ ಬಾಳೆಯಹಣ್ಣನ್ನೋ ಎತ್ತಿಕೊಂಡು, ‘ಅಬ್ಬಬ್ಬಾ’ ಎಂದು ಉಸಿರೆಳೆಯುತ್ತ, ಮುಂದಿನ ಭಾನುವಾರದ ಮಾತಾಡುತ್ತ ಮೆಟ್ಟಿಲಿಳಿಯುತ್ತಾರೆ. ದುಡ್ಡು ಕೊಟ್ಟು ಅತ್ತು, ಅತ್ತು ಹಿಗ್ಗುವ ಈ ವ್ಯಾಪಾರ ಏನೆಂದು ನನಗೆ ಕುತೂಹಲವಾಯಿತು.

ಎಲೆಯ ಮೇಲಿನ ಕ್ರಮ

ಒಳಗೆ ಕುಳಿತೊಡನೆ ಎಲೆ ಬಂತು. ಎಲೆಯ ಹಿಂದೆಯೇ ಬಡಿಸುವವರ ದಂಡು ಬಂತು. ಮೊದಲು ಎಲೆಯ ಎಡಭಾಗದಲ್ಲಿ ಕೆಂಪು ಉಪ್ಪಿನಕಾಯಿ, ಹಸಿರು ಚಟ್ನಿ, ಇಟ್ಟಿಗೆಯ ಬಣ್ಣದ ಒಂದು ಪುಡಿ. ಬಳಿಕ ಪಲ್ಯ, ಕರಿದದ್ದು, ಪಪ್ಪು. ನಡುವೆ ಹಬೆಯಾಡುವ ಅನ್ನ. ಅನ್ನ ಬಿದ್ದುದೇ ತಡ, ತುಪ್ಪದ ಪಾತ್ರೆ ಹಿಡಿದವರೊಬ್ಬರು ಬಂದು “ನೆಯ್ಯಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಸೌಟು ಸುರಿದು ಮುಂದೆ ಹೋದರು.

ನಾನು ನಮ್ಮ ಮನೆಯ ಅಭ್ಯಾಸದಂತೆ ಸಾರಿಗಾಗಿ ಅತ್ತಿತ್ತ ನೋಡಿದೆ. ಸೊಸೆ ನಕ್ಕು, “ಸಾರು ಆಮೇಲೆ ಮಾವ. ಮೊದಲು ಪುಡಿ” ಎಂದಳು.

ಅವಳು ಹೇಳಿದ ಮೇಲೆ ಗೊತ್ತಾಯಿತು, ಈ ಊಟಕ್ಕೊಂದು ವ್ಯಾಕರಣವಿದೆ. ಮೊದಲ ತುತ್ತು ಪುಡಿಯದು. ಅದು ತೊಗರಿಬೇಳೆಯನ್ನು ಒಣಮೆಣಸಿನಕಾಯಿಯ ಜೊತೆಗೆ ಹುರಿದು ಕುಟ್ಟಿದ ಕಂದಿಪೊಡಿ. ಬಿಸಿ ಅನ್ನಕ್ಕೆ ಅದನ್ನು ಉದುರಿಸಿ, ತುಪ್ಪ ಹಾಕಿ, ಅನ್ನದ ಅಗುಳು ಕೆಂಪಾಗುವವರೆಗೆ ಕಲಸಬೇಕು. ಎರಡನೆಯದು ಗೋಂಗೂರದ ಚಟ್ನಿ, ಹಸಿಯ ಈರುಳ್ಳಿಯ ಚೂರಿನೊಡನೆ. ಈ ಗೋಂಗೂರವೆಂಬುದು ಬೇರೆ ಯಾವುದೂ ಅಲ್ಲ; ನಮ್ಮ ಉತ್ತರದ ಜಿಲ್ಲೆಗಳವರು ಜೋಳದ ರೊಟ್ಟಿಯ ಸಂಗಡ ತಿನ್ನುವ ಪುಂಡಿಪಲ್ಯದ ಸೊಪ್ಪೇ ಅದು. ಅದರ ಹುಳಿ ಮೆಣಸಿನ ಖಾರವನ್ನು ಹದ್ದುಬಸ್ತಿನಲ್ಲಿಡುತ್ತದೆ. ಮೂರನೆಯದು ಪಪ್ಪು, ಎಂದರೆ ಸೊಪ್ಪನ್ನೋ ಮಾವಿನಕಾಯಿಯನ್ನೋ ಸೇರಿಸಿ ಬೇಯಿಸಿದ ಗಟ್ಟಿ ಬೇಳೆ; ಅದಕ್ಕೆ ನಂಚಿಕೊಳ್ಳಲು ಆವಕಾಯ. ಅನಂತರ ಪುಲುಸು, ಬಳಿಕ ಚಾರು, ಎಂದರೆ ನಮ್ಮ ಸಾರು. ಕೊನೆಯಲ್ಲಿ ಗಟ್ಟಿ ಮೊಸರು.

ಇದರ ಒಳಗುಟ್ಟು ನನಗೆ ಅರ್ಧ ಊಟದಲ್ಲಿ ಹೊಳೆಯಿತು. ಆಂಧ್ರದವರು ಖಾರವನ್ನು ಸುಮ್ಮನೆ ಸುರಿಯುವುದಿಲ್ಲ. ಪ್ರತಿಯೊಂದು ಖಾರಕ್ಕೂ ಅದರ ಪಕ್ಕದಲ್ಲಿಯೇ ಒಂದು ಕಾವಲನ್ನು ಇಟ್ಟಿರುತ್ತಾರೆ. ಪುಡಿಗೆ ತುಪ್ಪ, ಸೊಪ್ಪಿಗೆ ಹುಳಿ, ಉಪ್ಪಿನಕಾಯಿಗೆ ಬೇಳೆ, ಎಲ್ಲಕ್ಕೂ ಕೊನೆಗೆ ಮೊಸರು. ಈ ಕ್ರಮವನ್ನು ಬಿಟ್ಟು, ಎಲೆಯ ಮೂಲೆಯಲ್ಲಿರುವ ಕೆಂಪನ್ನು ಬೆರಳಲ್ಲಿ ಅದ್ದಿ ನೆಕ್ಕಿ, ‘ಅಯ್ಯೋ ಬೆಂಕಿ’ ಎಂದು ಕೂಗುವವರು ಈ ಊಟವನ್ನು ಉಂಡವರಲ್ಲ.

ಪಕ್ಕದ ಮೇಜಿನವರು ಮಾಂಸಾಹಾರಿಗಳು. ಅವರ ಎಲೆಯ ಬಳಿಗೆ ಕೋಳಿಯ ಹುರಿದ ಖಾದ್ಯವೂ ಮೀನಿನ ಪುಲುಸೂ ಬಂದವು. ಆ ಘಾಟಿಗೆ ನನ್ನ ಮಡದಿ ಸೆರಗನ್ನು ಮೂಗಿಗೆ ಹಿಡಿದಳಾದರೂ, ಆ ಜನ ಉಣ್ಣುವ ಏಕಾಗ್ರತೆಯನ್ನು ನೋಡುವುದನ್ನು ಬಿಡಲಿಲ್ಲ.

ಆಂಧ್ರವೆಂದರೆ ಒಂದೇ ಅಡುಗೆಯೆಂದು ತಿಳಿಯಬಾರದೆಂದು ಸೊಸೆ ಹೇಳಿದಳು. ಕೃಷ್ಣಾ, ಗೋದಾವರಿ ನದಿಗಳ ಕರಾವಳಿಯಲ್ಲಿ ಅನ್ನವೇ ರಾಜ. ರಾಯಲಸೀಮೆಯಲ್ಲಿ ರಾಗಿಸಂಗಟಿ, ಎಂದರೆ ಹೆಚ್ಚುಕಡಿಮೆ ನಮ್ಮ ಮುದ್ದೆ. 2014ರಲ್ಲಿ ಬೇರೆ ರಾಜ್ಯವಾದ ತೆಲಂಗಾಣದಲ್ಲಿ ಜೋಳದ ರೊಟ್ಟಿ. ಧಾನ್ಯ ಬದಲಾಗುತ್ತದೆ, ಪಕ್ಕದಲ್ಲಿರುವ ಕೆಂಪು ಮಾತ್ರ ಬದಲಾಗುವುದಿಲ್ಲ.

ಒಂಬತ್ತು ವರ್ಷದ ವೀರ

ಈ ಪಾಠ ನಡೆಯುತ್ತಿದ್ದಾಗಲೇ ನಮ್ಮ ಮೊಮ್ಮಗ ಒಂದು ಸಾಹಸ ಮಾಡಿದ. ಎಲೆಯ ಮೇಲೆ ಕರಿದ ಮಜ್ಜಿಗೆ ಮೆಣಸಿನಕಾಯಿಯೊಂದು ಬಿದ್ದಿತ್ತು. ಮನೆಯ ಬಾಳಕದಂತೆ ಅದೂ ಸಾಧುವಾಗಿರಬಹುದೆಂದು ಎಣಿಸಿ ಇಡಿಯಾಗಿ ಬಾಯಿಗೆ ಹಾಕಿಕೊಂಡ. ಒಂದು ಕ್ಷಣ ಏನೂ ಆಗಲಿಲ್ಲ. ಎರಡನೆಯ ಕ್ಷಣದಲ್ಲಿ ಅವನ ಕಿವಿ ಕೆಂಪಾಯಿತು. ಮೂರನೆಯ ಕ್ಷಣದಲ್ಲಿ ಅವನು ನನ್ನ ಲೋಟವನ್ನೂ ತನ್ನ ಲೋಟವನ್ನೂ ಬರಿದು ಮಾಡಿ, “ತಾತಾ, ನೀರು ಕುಡಿದರೆ ಜಾಸ್ತಿಯಾಗುತ್ತೆ!” ಎಂದು ಗೋಳಿಟ್ಟ.

ಸೊಸೆ ಎದ್ದು ಬಂದು ಅವನ ಬಾಯಿಗೆ ಒಂದು ಚಮಚ ಮೊಸರು ಹಾಕಿ, “ನುಂಗಬೇಡ, ಹಾಗೇ ಇಟ್ಟುಕೊ” ಎಂದಳು. ಎರಡು ಚಮಚಕ್ಕೆ ಹುಡುಗ ಸುಧಾರಿಸಿಕೊಂಡ.

ಹುಡುಗ ಹೇಳಿದ್ದು ಸರಿ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನೀರಿನಲ್ಲಿ ಕರಗುವುದಿಲ್ಲ. ನೀರು ಅದನ್ನು ಬಾಯಿಯ ತುಂಬ ಹರಡುತ್ತದೆ, ಅಷ್ಟೇ. ಕೊಬ್ಬಿನಲ್ಲಿ ಅದು ಕರಗುತ್ತದೆ. ಹಾಲುಮೊಸರುಗಳಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ನಾಲಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ತುಪ್ಪವನ್ನು ಮೊದಲಲ್ಲಿಯೂ ಮೊಸರನ್ನು ಕೊನೆಯಲ್ಲಿಯೂ ಇಟ್ಟ ತೆಲುಗು ಅಜ್ಜಿಯರು ರಸಾಯನಶಾಸ್ತ್ರ ಓದಿದವರಲ್ಲ; ಆದರೆ ಶಾಸ್ತ್ರ ಅವರ ಮಾತನ್ನೇ ಹೇಳುತ್ತದೆ.

ಇನ್ನೊಂದು ಸಂಗತಿಯೂ ಸ್ವಾರಸ್ಯವಾಗಿದೆ. ಖಾರವೆನ್ನುವುದು ಸಿಹಿ, ಹುಳಿಗಳಂತೆ ರುಚಿಯಲ್ಲ, ಅದು ಒಂದು ನೋವು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖವನ್ನು ಗುರುತಿಸಿ ‘ಸುಡುತ್ತಿದೆ’ ಎಂದು ಮಿದುಳಿಗೆ ಸುದ್ದಿ ಕಳುಹಿಸುವ ಗ್ರಾಹಕಗಳು ನಮ್ಮ ನರಗಳ ತುದಿಯಲ್ಲಿವೆ. ಕ್ಯಾಪ್ಸೈಸಿನ್ ಅವುಗಳನ್ನೇ ತಟ್ಟಿ ಎಬ್ಬಿಸುತ್ತದೆ. ಬೆಂಕಿಯಿಲ್ಲದೆಯೇ ಬೆಂಕಿಯ ಸುದ್ದಿ! ಈ ಗ್ರಾಹಕವನ್ನು 1997ರಲ್ಲಿ ಪತ್ತೆಹಚ್ಚಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಹಕ್ಕಿಗಳಿಗೆ ಮೆಣಸಿನಕಾಯಿಯ ಉರಿ ತಿಳಿಯುವುದಿಲ್ಲ. ಅವು ಹಣ್ಣು ತಿಂದು ಬೀಜವನ್ನು ಊರೂರಿಗೆ ಹರಡುತ್ತವೆ. ಬೀಜವನ್ನು ಅಗಿದು ಹಾಳುಮಾಡುವ ಪ್ರಾಣಿಗಳನ್ನು ದೂರವಿಡಲು ಗಿಡ ಈ ಉರಿಯನ್ನು ಕಾಯಿಯೊಳಗೆ ಇಟ್ಟುಕೊಂಡಿತು. ಅದನ್ನು ಲೆಕ್ಕಿಸದೆ ಬೇಕೆಂದೇ ತಿಂದ ಪ್ರಾಣಿ ಮನುಷ್ಯ.

ಮತ್ತು ಈ ನೋವು ಅಭ್ಯಾಸವಾಗುತ್ತದೆ. ಮತ್ತೆ ಮತ್ತೆ ಎಬ್ಬಿಸಲ್ಪಟ್ಟ ಗ್ರಾಹಕಗಳು ಕ್ರಮೇಣ ಮಂದವಾಗುತ್ತವೆ. ಹುಟ್ಟುವಾಗಲೇ ಯಾರೂ ಗುಂಟೂರಿನ ನಾಲಗೆಯನ್ನಾಗಲಿ ಮೈಸೂರಿನ ನಾಲಗೆಯನ್ನಾಗಲಿ ಪಡೆದು ಬರುವುದಿಲ್ಲ. ಅದನ್ನು ತಾಯಂದಿರ ಕೈ ತಿದ್ದುತ್ತದೆ.

ಮಿತಾಹಾರಿಯ ಊಟ

ಮೊಮ್ಮಗನ ಗಲಾಟೆ ತಣ್ಣಗಾದ ಮೇಲೆ ನಾನು ತಲೆಯೆತ್ತಿ ನೋಡಿದೆ. ನನ್ನ ಮಡದಿ ಊಟ ನಿಲ್ಲಿಸಿ ಸೊಸೆಯ ಎಲೆಯನ್ನೇ ನೋಡುತ್ತಿದ್ದಳು.

ಅಲ್ಲಿ ಮೂರನೆಯ ಸಲ ಅನ್ನ ಬಿದ್ದಿತ್ತು. ಒಂದು ವರ್ಷ ನಮ್ಮ ಮನೆಯಲ್ಲಿ ಎರಡನೆಯ ಸಲಕ್ಕೆ ಕೈ ಅಡ್ಡ ಹಿಡಿದವಳು, ಇಲ್ಲಿ ಬಡಿಸುವವರನ್ನು ಕಣ್ಣಿನಿಂದಲೇ ಕರೆದು ಪುಡಿ ಹಾಕಿಸಿಕೊಂಡಳು, ಚಟ್ನಿ ಹಾಕಿಸಿಕೊಂಡಳು, ಆವಕಾಯದ ಹೋಳನ್ನು ಗೊರಟಿನ ಚಿಪ್ಪಿನ ಸಮೇತ ಎತ್ತಿ ಚೀಪಿದಳು. ಹಣೆಯಲ್ಲಿ ಬೆವರು, ಮುಖದಲ್ಲಿ ಕಳೆ. ಮಾತಿಲ್ಲ. ತನ್ನ ಮನೆಯ ಅಂಗಳದಲ್ಲಿ ಕುಳಿತು ಉಣ್ಣುವ ಮಗುವಿನಂತೆ ಉಣ್ಣುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ನನ್ನ ಮಡದಿ ಮೆಲ್ಲಗೆ, “ಇಷ್ಟು ದಿನ ಅರ್ಧ ಹೊಟ್ಟೆಯಲ್ಲಿಯೇ ಏಳುತ್ತಿದ್ದೆಯೇನೇ?” ಎಂದಳು.

ಸೊಸೆ ಬೆಚ್ಚಿ ಕೈ ತಡೆದಳು. “ಇಲ್ಲ ಅತ್ತೆ. ನಿಮ್ಮ ಸಾರು ನನಗೆ ಇಷ್ಟವೇ. ಖಾರವಿದ್ದರೆ ಅನ್ನ ಹೋಗುತ್ತದೆ, ಇಲ್ಲದಿದ್ದರೆ ಹೆಚ್ಚು ಹೋಗುವುದಿಲ್ಲ, ಅಷ್ಟೇ.”

“ಹೇಳಬಾರದಿತ್ತೇ?”

ಅವಳು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಆಡಿದ ಮಾತು ನನಗೆ ನೆನಪಾಯಿತು. ನನ್ನ ಮಡದಿಗೂ ನೆನಪಾಗಿರಬೇಕು. ‘ಬೆಂಕಿ’ ಎಂದು ಹೆಸರಿಟ್ಟ ಮನೆಯಲ್ಲಿ ಅದನ್ನು ಯಾರು ಕೇಳಿ ಬಡಿಸಿಕೊಳ್ಳುತ್ತಾರೆ?

‘ಖಾರವಿದ್ದರೆ ಅನ್ನ ಹೋಗುತ್ತದೆ’ ಎಂಬ ಅವಳ ಮಾತಿನಲ್ಲಿ ಮೆಣಸಿನಕಾಯಿಯ ಚರಿತ್ರೆಯೆಲ್ಲ ಅಡಗಿದೆ. ಈ ಕಾಯಿ ನಮ್ಮ ದೇಶದ್ದಲ್ಲ. ಅದರ ತವರು ಅಮೆರಿಕ ಖಂಡ. ಮೆಕ್ಸಿಕೋ ಸೀಮೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಬೆಳೆದು ತಿನ್ನುತ್ತಿದ್ದರು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅದಕ್ಕೆ ಮುಂಚೆ ನಮ್ಮವರ ಖಾರವೆಂದರೆ ಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ಕನ್ನಡಿಗರು ಅದನ್ನು ‘ಮೆಣಸಿನ ಕಾಯಿ’ ಎಂದರು. ಕಾಲಕ್ರಮದಲ್ಲಿ ಬಂದವನೇ ಮನೆಯ ಯಜಮಾನನಾಗಿ, ಮೂಲದ ಮೆಣಸಿಗೆ ‘ಕರಿಮೆಣಸು’, ‘ಕಾಳುಮೆಣಸು’ ಎಂದು ಗುರುತು ಹೇಳಬೇಕಾಯಿತು!

ಕರಿಮೆಣಸು ಮಳೆಯ ಮಲೆನಾಡಿನ ಬಳ್ಳಿ. ಬಯಲುಸೀಮೆಯ ಬಡವನಿಗೆ ಅದು ಕೊಳ್ಳುವ ಸರಕು. ಮೆಣಸಿನ ಗಿಡವಾದರೋ ಹಿತ್ತಿಲಲ್ಲಿ ಬರುತ್ತದೆ, ಹೊಲದ ಅಂಚಿನಲ್ಲಿ ಬರುತ್ತದೆ. ಒಣಗಿಸಿಟ್ಟರೆ ವರ್ಷ ಕಾಯುತ್ತದೆ. ತರಕಾರಿಯಿಲ್ಲದ ದಿನ ಅನ್ನಕ್ಕೆ ಖಾರದ ಪುಡಿ, ಮುದ್ದೆಗೆ ಉಪ್ಪುಖಾರ, ರೊಟ್ಟಿಗೆ ಕೆಂಪು ಚಟ್ನಿ. ಬಾಯಲ್ಲಿ ನೀರೂರಿಸಿ ಬರಿಯ ಧಾನ್ಯವನ್ನು ಗಂಟಲಿನಿಂದ ಇಳಿಸುವ ಶಕ್ತಿ ಇಷ್ಟು ಅಗ್ಗವಾಗಿ ಇನ್ನಾವುದರಲ್ಲಿದೆ? ಇಂದು ನಾವು ಸಾಲಿನಲ್ಲಿ ನಿಂತು ಕೊಳ್ಳುವ ರುಚಿ, ಒಂದು ಕಾಲಕ್ಕೆ ಬೇರೇನೂ ಇಲ್ಲದ ಎಲೆಯ ರುಚಿಯಾಗಿತ್ತು.

ಎರಡು ಊರು, ಎರಡು ಕಾಯಿ

ಮೊಸರನ್ನಕ್ಕೆ ಬಂದಾಗ ಸೊಸೆ ತನ್ನ ಊರಿನ ಮಾತು ತೆಗೆದಳು. ಗುಂಟೂರಿನ ಮೆಣಸಿನಕಾಯಿ ಮಾರುಕಟ್ಟೆ ಏಷ್ಯದಲ್ಲಿಯೇ ಅತಿ ದೊಡ್ಡವುಗಳಲ್ಲೊಂದು. ಸುಗ್ಗಿಯ ತಿಂಗಳುಗಳಲ್ಲಿ ಊರ ಹೊರಗಿನ ಬಯಲುಗಳಲ್ಲಿ ಹಣ್ಣುಮೆಣಸಿನಕಾಯಿಯನ್ನು ಬಿಸಿಲಿಗೆ ಹರಡಿದರೆ ಕಣ್ಣು ಹಾಯುವವರೆಗೆ ಕೆಂಪು ಜಮಖಾನ ಹಾಸಿದಂತಿರುತ್ತದೆ. ಮಾರುಕಟ್ಟೆಯ ಹಾದಿಯಲ್ಲಿ ಹೊಸಬರು ಸೀನದೆ ದಾಟುವಂತಿಲ್ಲ. ಅಲ್ಲಿಯ ಹೆಸರಾಂತ ತಳಿ ‘ಗುಂಟೂರು ಸನ್ನಂ’. ತೆಲುಗಿನ ‘ಸನ್ನಂ’ ನಮ್ಮ ‘ಸಣ್ಣ’ವೇ, ತೆಳ್ಳಗೆ ನೀಳವಾದ ಕಾಯಿ.

ಬೇಸಗೆಯಲ್ಲಿ ಆವಕಾಯ ಹಾಕುವ ದಿನ ಅವಳ ಅಜ್ಜಿಯ ಮನೆಯಲ್ಲಿ ಹಬ್ಬವಂತೆ. ಹುಳಿ ಮಾವಿನಕಾಯಿಯನ್ನು ಗೊರಟಿನ ಸಮೇತ ಹೋಳುಮಾಡಿ, ಸಾಸಿವೆ ಪುಡಿ, ಖಾರದ ಪುಡಿ, ಉಪ್ಪು, ಎಳ್ಳೆಣ್ಣೆ ಬೆರೆಸಿ ಜಾಡಿಗೆ ತುಂಬುತ್ತಾರೆ. ‘ಆವ’ ಎಂದರೆ ಸಾಸಿವೆ. ಕಲಸಿದ ದೊಡ್ಡ ಪಾತ್ರೆಯ ತಳದಲ್ಲಿ ಉಳಿದ ಮಸಾಲೆಗೆ ಬಿಸಿ ಅನ್ನ ಹಾಕಿ ಕಲಸಿ, ಅಜ್ಜಿ ಎಲ್ಲರ ಕೈಗೂ ಒಂದೊಂದು ತುತ್ತು ಇಡುತ್ತಾಳೆ. ನಮ್ಮಲ್ಲಿಯ ಕೈತುತ್ತಿನಂತೆಯೇ.

ಈ ಕಾಯಿಗಳ ಉರಿಯನ್ನು ಅಳೆಯಲು ಒಂದು ಮಾನವಿದೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧತಜ್ಞರು, ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಾಲು ತೆಳುಮಾಡಿದರೆ ಉರಿ ತಿಳಿಯದೆ ಹೋಗುತ್ತದೆಂದು ಜನರಿಂದ ರುಚಿನೋಡಿಸಿ ಲೆಕ್ಕಹಾಕಿದರು. ಆ ಮಾನದಲ್ಲಿ ಗುಂಟೂರು ಸನ್ನಂ ಸುಮಾರು 35,000ದಿಂದ 40,000. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಇದಕ್ಕಿಂತ ಬಹಳ ಕೆಳಗೆ. ಸುಕ್ಕುಸುಕ್ಕಾದ ಆ ಕಾಯಿಯ ಬಲ ಉರಿಯಲ್ಲಿಲ್ಲ, ಬಣ್ಣದಲ್ಲಿದೆ. ಅದರಿಂದ ತೆಗೆದ ಕೆಂಪು ಸಾರ ಆಹಾರಕ್ಕೆ ಮಾತ್ರವಲ್ಲದೆ ತುಟಿಗೆ, ಉಗುರಿಗೆ ಹಚ್ಚುವ ಬಣ್ಣಗಳಿಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಎಲೆಯ ಮೇಲಿನ ಕೆಂಪಿಗೆ ಬೆವರು ಸುರಿಸಿದವರು ಬೇರೆ ಇದ್ದಾರೆಂಬುದನ್ನು ಮರೆಯಬಾರದು. 2021-22ರಲ್ಲಿ ಥ್ರಿಪ್ಸ್ ಎಂಬ ಪುಟ್ಟ ಕೀಟ ಆಂಧ್ರ, ತೆಲಂಗಾಣಗಳ ಮೆಣಸಿನ ಹೊಲಗಳನ್ನು ಹಾಳುಗೆಡವಿತು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಬೆಲೆ ಕುಸಿದುದನ್ನು ಕಂಡು ಸಿಟ್ಟಿಗೆದ್ದ ಜನ ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. “ನಮ್ಮ ತಾತ ಬೆಲೆ ಬಿದ್ದ ವರ್ಷ ಊಟದಲ್ಲಿ ಮಾತೇ ಆಡುತ್ತಿರಲಿಲ್ಲ” ಎಂದಳು ಸೊಸೆ. ಅವಳ ತಾತ ಮೆಣಸಿನ ಬೆಳೆಗಾರರೆಂಬುದು ನಮಗೆ ಆ ದಿನವೇ ತಿಳಿದದ್ದು. ಒಂದು ವರ್ಷದಲ್ಲಿ ನಾವು ಕೇಳಿರಲಿಲ್ಲ.

ಹೋಗುವವರಿಗೆ ಒಂದೆರಡು ಮಾತು

ಈ ಬರಹವನ್ನು ಓದಿ ಮುಂದಿನ ಭಾನುವಾರ ಹೊರಡುವ ಕುಟುಂಬಗಳು ಇದ್ದಾವು. ಅವರಿಗೆ ನಮ್ಮ ಅನುಭವದಿಂದ ಕೆಲವು ಸೂಚನೆಗಳು. ಹಸಿದು ಹೋಗಿ, ಆದರೆ ಖಾಲಿ ಹೊಟ್ಟೆಯ ಮೊದಲ ತುತ್ತೇ ಉಪ್ಪಿನಕಾಯಿಯದಾಗದಿರಲಿ. ತುಪ್ಪ ಬೇಡವೆನ್ನಬೇಡಿ, ಅದು ಆಡಂಬರವಲ್ಲ, ಊಟದ ಅಂಗ. ಪುಡಿ ಚಟ್ನಿಗಳನ್ನು ಅನ್ನದಲ್ಲಿ ಚೆನ್ನಾಗಿ ಕಲಸಿ ಉಣ್ಣಿ. ಬಾಯಿ ಉರಿದರೆ ನೀರಿನ ಬದಲು ಮೊಸರನ್ನೋ ಮಜ್ಜಿಗೆಯನ್ನೋ ಕೇಳಿ. ಖಾರ ಮುಟ್ಟಿದ ಕೈಯಿಂದ ಕಣ್ಣೊರೆಸಿಕೊಳ್ಳಬೇಡಿ. ಮಕ್ಕಳಿಗೆ ಪಪ್ಪು, ಅನ್ನ, ತುಪ್ಪ ಸಾಕು. ಪಂದ್ಯ ಕಟ್ಟಿ ತಿನ್ನಿಸಬೇಡಿ.

ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ಜಠರದ ಹುಣ್ಣಿಗೆ ಮುಖ್ಯ ಕಾರಣ ಒಂದು ಬಗೆಯ ಬ್ಯಾಕ್ಟೀರಿಯವೆಂದು ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಆಸ್ಟ್ರೇಲಿಯದ ವೈದ್ಯರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೆಲವು ನೋವಿನ ಮಾತ್ರೆಗಳಿಂದಲೂ ಹುಣ್ಣಾಗುವುದುಂಟು. ಹೀಗಾಗಿ ಮೆಣಸಿನಕಾಯಿಯ ಮೇಲಿನ ಹಳೆಯ ಅಪವಾದ ಬಹಳ ಮಟ್ಟಿಗೆ ಕಳೆದಿದೆ. ಆದರೂ ಈಗಾಗಲೇ ಹುಣ್ಣು, ಎದೆಯುರಿ, ಮೂಲವ್ಯಾಧಿ ಇರುವವರಿಗೆ ಖಾರ ಉಪದ್ರವವನ್ನು ಹೆಚ್ಚಿಸಬಹುದು. ಅವರು ವೈದ್ಯರ ಮಾತನ್ನು ಕೇಳುವುದೇ ಲೇಸು.

ಸಾರಿನ ಪುಡಿ

ನಮ್ಮ ಕಥೆ ಭೋಜನಶಾಲೆಯಲ್ಲಿಯೇ ಮುಗಿಯಲಿಲ್ಲ.

ಆ ಮುಂದಿನ ವಾರ ಮನೆಯಲ್ಲಿ ಸಾರಿನ ಪುಡಿ ಮುಗಿದಿತ್ತು. ಅದನ್ನು ಮಾಡುವ ದಿನ ನನ್ನ ಮಡದಿ ಅಡುಗೆಮನೆಗೆ ಯಾರನ್ನೂ ಸೇರಿಸುವವಳಲ್ಲ. ಅಳತೆ ಅವಳ ಅತ್ತೆಯದು, ಎಂದರೆ ನನ್ನ ತಾಯಿಯದು. ಅಂದು ಅವಳು ಸೊಸೆಯನ್ನು ಕರೆದು ಮೊರದ ಮುಂದೆ ಕೂರಿಸಿಕೊಂಡಳು. ಮೊರದಲ್ಲಿ ಎರಡು ರಾಶಿ: ಒಂದು ದೊಡ್ಡದು, ಸುಕ್ಕುಗಟ್ಟಿದ ಕಡುಗೆಂಪಿನ ಕಾಯಿ, ಇನ್ನೊಂದು ಚಿಕ್ಕದು, ನುಣುಪಾದ ತೆಳ್ಳನೆಯ ಕಾಯಿ.

“ಇದು ಬ್ಯಾಡಗಿ, ಬಣ್ಣಕ್ಕೆ. ಇದು ಖಾರಕ್ಕೆ. ಏನು ಗೊತ್ತೇ ಇದು?”

ಸೊಸೆ ಒಂದು ಕಾಯನ್ನು ಕೈಗೆತ್ತಿಕೊಂಡು ನೋಡಿ, “ನಮ್ಮದೇ!” ಎಂದಳು.

“ನಿಮ್ಮದೇ. ಗುಂಟೂರು. ನಮ್ಮತ್ತೆಯ ಕಾಲದಿಂದಲೂ ಈ ಮನೆಯ ಸಾರಿಗೆ ಇದನ್ನೇ ಹಾಕುತ್ತಿರುವುದು. ಮುಕ್ಕಾಲು ಅದು, ಕಾಲು ಇದು. ಹೇಳು, ಎಷ್ಟು ಹೆಚ್ಚಿಸಲಿ?”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಸ್ವಲ್ಪ ಕಳವಳವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಸೊಸೆ ಚಿಕ್ಕ ರಾಶಿಗೆ ನಾಲ್ಕೇ ನಾಲ್ಕು ಕಾಯಿ ಸೇರಿಸಿ, “ಸಾಕು ಅತ್ತೆ. ಇನ್ನೂ ಹಾಕಿದರೆ ಮಾವನಿಗೆ ಆಗುವುದಿಲ್ಲ” ಎಂದಳು.

“ಹಾಗಾದರೆ ಊರಿಗೆ ಹೇಳಿ ಆವಕಾಯ ತರಿಸು. ನಿನ್ನ ಕೋಣೆಯಲ್ಲಿ ಬಚ್ಚಿಡಬೇಡ. ಊಟದ ಮೇಜಿನ ಮೇಲೆಯೇ ಇರಲಿ.”

ಬಚ್ಚಿಟ್ಟ ಸೀಸೆಯೊಂದು ಇತ್ತೆಂಬುದು ನನಗೆ ಗೊತ್ತಿರಲಿಲ್ಲ. ನನ್ನ ಮಡದಿಗೆ ಎಂದಿನಿಂದ ಗೊತ್ತಿತ್ತೋ ನಾನು ಕೇಳಲಿಲ್ಲ. ಸೊಸೆ ನಾಚಿ ತಲೆ ತಗ್ಗಿಸಿದಳು.

ಈಗ ನಮ್ಮ ಮೇಜಿನ ಮೇಲೆ ಬೆಲ್ಲದ ಡಬ್ಬಿಯ ಪಕ್ಕದಲ್ಲಿ ಆವಕಾಯದ ಜಾಡಿ ಕುಳಿತಿದೆ. ಸಾರು ಮೊದಲಿನಂತೆಯೇ ಇದೆ. ಬೆಲ್ಲ ಬಿದ್ದೇ ಬೀಳುತ್ತದೆ. ಸೊಸೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಾಳೆ. ನನ್ನ ಮಡದಿ ಪಪ್ಪು ಮಾಡಿದ ದಿನ, ಯಾರೂ ನೋಡದಾಗ, ಆವಕಾಯದ ರಸವನ್ನು ಚಮಚದ ತುದಿಯಲ್ಲಿ ತನ್ನ ತಟ್ಟೆಗೂ ಇಳಿಸಿಕೊಳ್ಳುತ್ತಾಳೆ. ಮೊಮ್ಮಗ ತನ್ನ ಊರಿಗೆ ಹೋಗಿ, ಇಡೀ ಮೆಣಸಿನಕಾಯಿ ತಿಂದುದನ್ನು ಮಾತ್ರ ಗೆಳೆಯರಿಗೆ ಹೇಳಿದನಂತೆ. ಮೊಸರಿನ ವಿಷಯ ಹೇಳಿದಂತೆ ಕಾಣೆ.

ಆ ದಿನ ಮೆಣಸಿನಕಾಯಿ ಹುರಿಯುವಾಗ ಎದ್ದ ಘಾಟಿಗೆ ಮನೆಯವರೆಲ್ಲ ಸೀನಿದೆವು. ಗುಂಟೂರಿನವಳೂ ಸೀನಿದಳು.